ನೇರಲದಿನ್ನಿ ಕೆರೆಯ ಇಪ್ಪತ್ತೆರಡು ಗೂಟಗಳು

ಸುಗಲಮ್ಮನಿಗೆ ಸಿಟ್ಟು ಬರುತ್ತದೆ ಎಂದು ನೇರಲದಿನ್ನಿಯಲ್ಲಿ ಯಾರೂ ಹೇಳುವುದಿಲ್ಲ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕು. ಬೆಳಗ್ಗೆ ಒಲೆ ಹೊತ್ತಿಸುವಾಗ ಹೊಗೆಯಾಡುವ ಹಸಿ ಜಾಲಿಯ ಮೇಲೆ, ಮೀನು ಮಾರಲು ಹುಣಸಗಿಗೆ ಹೊರಟಾಗ ಬುಟ್ಟಿ ಕಂಡು ಮೂಗಿಗೆ ಕರವಸ್ತ್ರ ಹಿಡಿಯುವ ಕಂಡಕ್ಟರನ ಮೇಲೆ, ಮೀನಿನ ಕಿವಿರು ಎತ್ತಿ ನೋಡಿ ಕೊಳ್ಳದೆ ಹೋಗುವ ಗಿರಾಕಿಯ ಮೇಲೆ, ಮಧ್ಯಾಹ್ನದ ಬಿಸಿಲಿನ ಮೇಲೆ. ಹೀಗೆ ಅವಳ ಸಿಟ್ಟು ದಿನವಿಡೀ ಊರೂರು ತಿರುಗಿ ಸಂಜೆಗೆ ಅವಳ ಜೊತೆಗೇ ಮನೆಗೆ ಬರುತ್ತಿತ್ತು. ಆದರೆ ಆ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಚಿಲ್ಲರೆ ಸಿಟ್ಟೆಲ್ಲ ಒಂದೇ ಕಡೆ ಕೂಡಿತು. ಕೆರೆಯ ನೀರಿನಲ್ಲಿ ನೆಟ್ಟ ಇಪ್ಪತ್ತೆರಡು ಗೂಟಗಳ ಮೇಲೆ, ಮತ್ತು ಅವನ್ನು ನೆಡಿಸಿದ ಮೋಜಣಿ ಗುರಪ್ಪನ ಮೇಲೆ.

ಗುರಪ್ಪ ಅವಳ ಗಂಡನ ದೊಡ್ಡಪ್ಪನ ಮಗ, ಅಂದರೆ ಸಂಬಂಧದಲ್ಲಿ ಭಾವ. ಬಲೆ ಹೆಣೆಯುವ ಆ ಕೇರಿಯಿಂದ ಸರಕಾರಿ ನೌಕರಿ ಹಿಡಿದ ಮೊದಲ ಗಂಡಸು. ಮೂವತ್ತು ವರ್ಷ ಮೋಜಣಿದಾರನಾಗಿ ಸುರಪುರ, ಶಹಾಪುರದ ಹೊಲಗಳನ್ನು ಅಳೆದವನು. ಕಾಲುವೆ ಬರುವ ಮೊದಲು ಆ ಹೊಲಗಳ ಬದು ಎಲ್ಲಿದೆ ಎಂದು ಕೇಳುವವರೇ ಇರಲಿಲ್ಲ. ಕಾಲುವೆಯ ನೀರು ಹರಿದದ್ದೇ ತಡ, ಗೇಣು ನೆಲಕ್ಕೂ ಅಣ್ಣತಮ್ಮಂದಿರು ಎದೆ ಸೆಟೆಸಿ ನಿಂತರು. ಗುರಪ್ಪನ ಅಳತೆಯ ಸರಪಳಿಗೆ ಬೆಲೆ ಬಂತು. ಅವನು ಹೋದ ಹೊಲದಲ್ಲೆಲ್ಲ ಕಂಬಳಿ ಹಾಸಿದರು, ಎರಡೆರಡು ಸಲ ಚಹಾ ಕೊಟ್ಟರು, ಅವನು ಗೂಟ ಹೊಡೆದ ಜಾಗಕ್ಕೆ ಕೈಮುಗಿದರು. ಮೂವತ್ತು ವರ್ಷ ಇಂಥದ್ದು ನಡೆದರೆ ಯಾವ ಮನುಷ್ಯನಿಗಾದರೂ ಭೂಮಿ ತನ್ನ ಅಪ್ಪಣೆಗಾಗಿ ಕಾದು ಮಲಗಿದೆ ಎಂದು ಅನ್ನಿಸುತ್ತದೆ. ನಿವೃತ್ತಿಯಾಗಿ ಊರಿಗೆ ಬಂದ ಗುರಪ್ಪನಿಗೆ ಅಳೆಯಲು ಉಳಿದದ್ದು ಕೆರೆಯೊಂದೇ. ಮೀನುಗಾರರ ಸಂಘದ ಅಧ್ಯಕ್ಷನಾದ ಮೂರನೆಯ ವಾರಕ್ಕೆ ಅವನು ಅದನ್ನೂ ಅಳೆದ.

ಕೆರೆ ಇಪ್ಪತ್ತೆರಡು ಪ್ಲಾಟುಗಳಾಯಿತು. ಒಂದೊಂದರ ನಡುವೆ ಜಾಲಿಯ ಗೂಟ, ಗೂಟದ ತಲೆಗೆ ಕೆಂಪು ಬಣ್ಣ, ಬಣ್ಣದ ಮೇಲೆ ನಂಬರು. ಸಂಘದ ಗೋಡೆಗೆ ನೀಲಿ ಶಾಯಿಯ ನಕ್ಷೆ. ದಪ್ಪ ರಟ್ಟಿನ ಪುಸ್ತಕದಲ್ಲಿ ಪ್ರತಿ ಸದಸ್ಯನ ಹೆಸರಿನ ಕೆಳಗೆ ಚಕ್ಕುಬಂದಿ: ಪೂರ್ವಕ್ಕೆ ತಾಯಪ್ಪನ ನೀರು, ಪಶ್ಚಿಮಕ್ಕೆ ಬಸವಣ್ಣನ ನೀರು, ಉತ್ತರಕ್ಕೆ ದಂಡೆ, ದಕ್ಷಿಣಕ್ಕೆ ಆಳ. ಯಾರ ಪ್ಲಾಟಿನ ಮೀನು ಅವರದು. ಬೇರೆಯವರ ಗಡಿ ದಾಟಿ ಬಲೆ ಬಿಟ್ಟವರ ಹೆಸರಿನ ಮುಂದೆ ಒಂದು ಗೀಟು. ಮೂರು ಗೀಟು ಬಿದ್ದರೆ ಹೆಸರು ಸಂಘದಿಂದ ಹೊರಗೆ, ಹರಿಗೋಲು ಸಂಘದ ವಶಕ್ಕೆ. ಗುರಪ್ಪ ಇದನ್ನು ಓದಿ ಹೇಳಿದಾಗ ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಹೊಲಕ್ಕೆ ಗೂಟ ಬಿದ್ದ ಮೇಲೆ ಜಗಳ ನಿಂತದ್ದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ಜೋಳದ ದಂಟು ನೆಟ್ಟಲ್ಲೇ ನಿಲ್ಲುತ್ತದೆ, ಮೀನು ನಿಲ್ಲುವುದಿಲ್ಲ ಎಂಬುದು ಮೀನು ಹಿಡಿದೇ ಬದುಕುವ ಇಪ್ಪತ್ತೆರಡು ಜನರಲ್ಲಿ ಇಪ್ಪತ್ತೊಂದು ಜನಕ್ಕೆ ಹೊಳೆಯಲಿಲ್ಲ.

ಪ್ಲಾಟುಗಳನ್ನು ಚೀಟಿ ಎತ್ತಿ ಹಂಚಿದರು. ಒಂದನೆಯದನ್ನು ಮಾತ್ರ ಚೀಟಿಗೆ ಹಾಕಲಿಲ್ಲ. ಅದು ಕಾಲುವೆಯ ನೀರು ಕೆರೆಗೆ ಬೀಳುವ ಬಾಯಿ. ಅಲ್ಲಿ ನೌಕರಿಯಲ್ಲಿದ್ದಾಗಲೇ ಗೇಟಿಗೆ ಅಡ್ಡಲಾಗಿ ಕಬ್ಬಿಣದ ಜಾಳಿಗೆ ಹಾಕಿಸಿ, ಪಕ್ಕದಲ್ಲಿ ತನ್ನ ಹೆಸರಿನ ಕಲ್ಲು ನಿಲ್ಲಿಸಿದ್ದವನು ಗುರಪ್ಪನೇ. ಆದ್ದರಿಂದ ಆ ಪ್ಲಾಟು ಅಧ್ಯಕ್ಷರ ಮೇಲ್ವಿಚಾರಣೆಯಲ್ಲಿ ಇರಬೇಕೆಂದು ಅಧ್ಯಕ್ಷರು ತೀರ್ಮಾನಿಸಿದರು. ಸುಗಲಮ್ಮನಿಗೆ ಬಂದದ್ದು ಹತ್ತೊಂಬತ್ತು. ಮೊಣಕಾಲುದ್ದ ನೀರು, ಅದರ ತುಂಬ ಆಪು ಹುಲ್ಲು. ಮಧ್ಯಾಹ್ನಕ್ಕೆ ಆ ನೀರು ಬಾಣಂತಿಗೆ ಕಾಯಿಸಿದಂತಿರುತ್ತಿತ್ತು. ಅಲ್ಲಿ ಸಿಗುತ್ತಿದ್ದದ್ದು ಕಪ್ಪೆ, ಮತ್ತೆ ಕಪ್ಪೆಗಾಗಿ ಬಂದ ನೀರುಹಾವು.

ಸುಗಲಮ್ಮ ಹುಟ್ಟಿದ್ದು ಕೃಷ್ಣೆಯ ದಂಡೆಯಲ್ಲಿ. ಮದುವೆಯಾಗಿ ನೇರಲದಿನ್ನಿಗೆ ಬಂದಾಗ ಈಗಿನ ಕೆರೆ ಇರಲಿಲ್ಲ. ಒಂದು ತಗ್ಗು, ಅದರ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಮೂರು ತಿಂಗಳು ನೀರು, ಆಮೇಲೆ ಆಡು ಮೇಯಿಸುವ ಜಾಗ. ಆ ಹಳ್ಳದಲ್ಲಿ ಅವಳು ಅರಿವೆ ಒಗೆದಳು, ಅದರ ದಂಡೆಯಲ್ಲಿ ಆಡು ಕಾದಳು, ಹೊಸ ಊರಿನ ಮೇಲೆ, ಅತ್ತೆಯ ಮೇಲೆ ಬಂದ ಸಿಟ್ಟನ್ನೆಲ್ಲ ಅಲ್ಲೇ ಕೂತು ಕಲ್ಲಿಗೆ ಹೇಳಿದಳು. ಎಲ್ಲಿ ತಿರುವು, ಎಲ್ಲಿ ಮಡು, ಯಾವ ಹುಣಸೆಯ ಬುಡದಲ್ಲಿ ಹಳ್ಳ ಬಾಗುತ್ತದೆ, ಎಲ್ಲ ಅವಳ ಅಂಗಾಲಿಗೆ ಗೊತ್ತಿತ್ತು. ಆಮೇಲೆ ಕಾಲುವೆ ಬಂತು, ಒಡ್ಡು ಎತ್ತರವಾಯಿತು, ವರ್ಷದ ಹನ್ನೆರಡೂ ತಿಂಗಳು ನೀರು ನಿಂತಿತು. ಊರಿನವರ ಪಾಲಿಗೆ ಹಳ್ಳ ಮುಳುಗಿ ಹೋಯಿತು. ಸುಗಲಮ್ಮನ ಪಾಲಿಗೆ ಅದು ನೀರಿನ ಕೆಳಗೆ ಹಾಗೇ ಇತ್ತು.

ಕಾಲುವೆಯ ಮೊದಲ ವರ್ಷಗಳಲ್ಲಿ, ಜಾಳಿಗೆ ಇನ್ನೂ ಇಲ್ಲದಾಗ, ನೀರಿನ ಜೊತೆ ಬಾಳೆ ಮೀನೂ ಬಂದು ಕೆರೆ ಸೇರಿಕೊಂಡಿತು. ಬಾಳೆಲೆಯಂತೆ ಉದ್ದ, ನುಣುಪು, ಮೈಮೇಲೆ ಒಂದೂ ಚಿಪ್ಪಿಲ್ಲ, ಎರಡು ನೀಳ ಮೀಸೆ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ. ತನ್ನ ಅರ್ಧದಷ್ಟು ಉದ್ದದ ಮೀನನ್ನು ಇಡಿಯಾಗಿ ನುಂಗಿ ಏನೂ ಆಗದವರಂತೆ ತಿರುಗುವ ಜಾತಿ. ಸಂಘದವರು ಬಿಟ್ಟ ಕಾಟ್ಲಾ, ರೋಹು ಮರಿಗಳನ್ನು ಅದು ಯಾರ ಚಕ್ಕುಬಂದಿಯನ್ನೂ ನೋಡದೆ ತಿನ್ನುತ್ತಿತ್ತು. ಹಿಡಿಯುವುದು ಕಷ್ಟ, ಹಿಡಿದರೆ ಹುಣಸಗಿಯಲ್ಲಿ ಜನ ಬುಟ್ಟಿಗೆ ಮುಗಿಬೀಳುತ್ತಿದ್ದರು.

ಅವಳ ಗಂಡ ಮಾನಪ್ಪ ಜ್ವರದಲ್ಲಿ ತೀರಿಕೊಂಡು ಹತ್ತು ವರ್ಷ. ಹದಿಮೂರನೆಯ ದಿನವೇ ಹಿರಿಯರು ಬಂದು, ಹೆಂಗಸಿಗೆ ಹರಿಗೋಲು ಯಾಕೆ, ಯಾರಿಗಾದರೂ ಕೊಟ್ಟುಬಿಡು, ಮೀನು ಮಾರಿಕೊಂಡಿರು ಎಂದಿದ್ದರು. ಸುಗಲಮ್ಮ ಮರುದಿನ ಬೆಳಗ್ಗೆ ಹರಿಗೋಲನ್ನು ಬೋರಲು ಹಾಕಿ, ತಲೆಯ ಮೇಲೆ ಹೊತ್ತು, ಆ ಹಿರಿಯರು ಕೂತ ಕಟ್ಟೆಯ ಮುಂದೆಯೇ ಕೆರೆಗೆ ನಡೆದಳು. ಮಗಳು ಮಲ್ಲಿಕಮ್ಮನನ್ನು ವನದುರ್ಗಕ್ಕೆ ಮದುವೆ ಮಾಡಿ ಕೊಟ್ಟದ್ದು ಅದೇ ಹರಿಗೋಲಿನ ಮೇಲೆ ದುಡಿದು.

ಬಲೆ ಬಿಡುವ ಮೊದಲು ಅವಳದೊಂದು ರೂಢಿಯಿತ್ತು. ಹಿತ್ತಾಳೆಯ ತಂಬಿಗೆಯ ಬಾಯಿಗೆ ಜೋಳದ ದಂಟಿನ ಬೆಂಡನ್ನು ಬಿಗಿಯಾಗಿ ತುರುಕಿ, ತಳಕ್ಕೆ ಕಲ್ಲು ಕಟ್ಟಿ, ಹಗ್ಗದಲ್ಲಿ ಕೆಳಗಿಳಿಸುವಳು. ತಳ ಮುಟ್ಟಿದ ಮೇಲೆ ಬೆಂಡಿಗೆ ಕಟ್ಟಿದ ಇನ್ನೊಂದು ದಾರವನ್ನು ಜಗ್ಗುವಳು. ತಳದ ನೀರು ಗುಳುಗುಳು ತುಂಬಿಕೊಳ್ಳುವುದು. ಮೇಲೆತ್ತಿ ಅದರಲ್ಲಿ ಬೆರಳದ್ದುವಳು, ಮೂಸುವಳು, ಒಂದು ಹನಿ ನಾಲಗೆಗೆ ಹಚ್ಚಿ ಉಗುಳುವಳು. ಗಂಡಸರು ದಂಡೆಯಲ್ಲಿ ನಿಂತು, ಸುಗಲವ್ವ ಕೆರೆಗೆ ನಾಡಿ ನೋಡುತ್ತಾಳೆ, ಇನ್ನು ಔಷಧಿ ಬರೆದು ಕೊಡುವುದೊಂದೇ ಬಾಕಿ ಎಂದು ನಗುತ್ತಿದ್ದರು.

ಅವಳು ಕಂಡುಕೊಂಡಿದ್ದು ಇಷ್ಟು. ಕಾಲುವೆಯಿಂದ ಕೆರೆಗೆ ನೀರು ಬಿಡುವುದು ಸರದಿಯ ಮೇಲೆ, ಕೆಲವು ದಿನ ಗೇಟು ಎತ್ತಿ ಚಾಲು, ಕೆಲವು ದಿನ ಇಳಿಸಿ ಬಂದ್. ಚಾಲು ಇದ್ದಾಗ ಬರುವುದು ಅಣೆಕಟ್ಟಿನ ತಣ್ಣನೆಯ ನೀರು. ತಣ್ಣೀರು ಭಾರ. ಅದು ಕೆರೆಯ ಮೇಲೆ ಹರಡುವುದಿಲ್ಲ, ತಳಕ್ಕಿಳಿದು ಹಳೆಯ ಹಳ್ಳದ ದಾರಿಯನ್ನೇ ಹಿಡಿದು ಹೋಗುತ್ತದೆ. ಅದರ ಜೊತೆ ಜಾಳಿಗೆಯಲ್ಲಿ ನುಸುಳಿದ ಸಣ್ಣ ಮೀನು ಬರುತ್ತದೆ. ತಣ್ಣನೆಯ ಕದಡಿದ ನೀರು ಬೆಚ್ಚನೆಯ ತಿಳಿನೀರನ್ನು ಮುಟ್ಟುವ ಗೆರೆಯಲ್ಲಿ ಬಾಳೆ ಮೀನು ಬಾಯಿ ತೆರೆದು ನಿಂತಿರುತ್ತದೆ. ಕಾಲುವೆ ಬಂದ್ ಆದರೆ ನಾಲ್ಕನೆಯ ದಿನಕ್ಕೆ ಎಲ್ಲವೂ ಒಡ್ಡಿನ ಬುಡದ ಮಡುವಿಗೆ ವಾಪಸು. ಮೂರು ದಿನ ಮೋಡ ಕವಿದು ಗಾಳಿ ಬೀಸದಿದ್ದರೆ ತಳದ ನೀರಿಗೆ ಉಸಿರು ಕಟ್ಟುತ್ತದೆ, ಕೊಳೆತ ತತ್ತಿಯ ವಾಸನೆ ಬರುತ್ತದೆ, ಆಗ ದೊಡ್ಡ ಮೀನೂ ಅಲೆ ಬಡಿಯುವ ದಂಡೆಗೆ ಬರುತ್ತದೆ. ಇದನ್ನು ಅವಳು ಸಂಘದ ಸಭೆಗಳಲ್ಲಿ ಹೇಳಿದ್ದಳು. ಒಂದು ಸಲವಲ್ಲ, ಹತ್ತು ವರ್ಷ. ಹೆಂಗಸಿನ ಮಾತು ಮುಗಿಯಲಿ ಎಂದು ಗಂಡಸರು ಆ ಹೊತ್ತಿಗೆ ಬೀಡಿ ಹಚ್ಚುತ್ತಿದ್ದರು.

ಹೀಗೆ ನೀರನ್ನು ನೋಡಿ ಹೋಗುವವಳು ಗೂಟವನ್ನು ನೋಡಿ ನಿಲ್ಲುವುದು ಹೇಗೆ? ನಿಲ್ಲಲಿಲ್ಲ. ಎರಡು ಗೀಟು ಬಿದ್ದವು. ಮೂರನೆಯ ಸಲ, ಕಾಲುವೆ ಬಂದ್ ಆಗಿ ನಾಲ್ಕನೆಯ ದಿನ ಬೆಳಗ್ಗೆ ಅವಳು ಒಡ್ಡಿನ ಬುಡದ ಹನ್ನೊಂದನೆಯ ಪ್ಲಾಟಿನಲ್ಲಿ ಬಲೆ ಬಿಟ್ಟಿದ್ದನ್ನು ಆ ಪ್ಲಾಟಿನ ಒಡೆಯ ತಾಯಪ್ಪ ನೋಡಿಯೂ ಬೇರೆ ಕಡೆ ಮುಖ ತಿರುಗಿಸಿದ. ಅವನು ಯಾರ ತಂಟೆಗೂ ಹೋಗದ ಮನುಷ್ಯ, ಸಭೆಯಲ್ಲಿ ಕೈ ಎತ್ತುವಾಗಲೂ ಅರ್ಧ ಎತ್ತುವವನು. ಆದರೆ ಒಡ್ಡಿನ ಮೇಲೆ ದುರ್ಬೀನು ಹಿಡಿದು ನಿಂತಿದ್ದ ಗುರಪ್ಪ ಮುಖ ತಿರುಗಿಸಲಿಲ್ಲ.

ಅದೇ ದಿನ ಮಧ್ಯಾಹ್ನ ಊರಿಗೆ ಕರಾವಳಿಯಿಂದ ಒಬ್ಬ ಮೀನಿನ ಸಾಹೇಬರು, ಸಮುದ್ರದ ಮೀನಿನ ಸಂಶೋಧಕರು, ಬರುವವರಿದ್ದರು. ಗುರಪ್ಪನೇ ಪತ್ರ ಬರೆದು ಕರೆಸಿದ್ದ. ನೀರನ್ನು ಮೋಜಣಿ ಮಾಡಿದ ಮೊದಲ ಸಂಘ ಎಂದು ಅವರ ಬಾಯಿಂದ ಹೇಳಿಸಿಕೊಳ್ಳುವ ಆಸೆ. ಶಾಲೆಯ ಕೋಣೆಯಲ್ಲಿ ಸಭೆ ಕೂಡಿತು. ಗುರಪ್ಪನ ಸ್ವಾಗತ ಭಾಷಣ ಕಾಲುವೆಯ ಇತಿಹಾಸದಿಂದ ಹೊರಟು, ತಾನು ಅಳೆದ ಹೊಲಗಳ ಮೇಲೆ ಹಾದು, ನಕ್ಷೆಯ ಹತ್ತಿರ ಬರುವ ಹೊತ್ತಿಗೆ ಮುಂದಿನ ಸಾಲಿನ ಇಬ್ಬರು ನಿದ್ದೆ ಹೋಗಿದ್ದರು. ಸಾಹೇಬರು ನಕ್ಷೆಯನ್ನು ನೋಡಿದರು, ಚಶ್ಮಾ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ತಮಗೆ ಗೊತ್ತಿದ್ದ ಸಮುದ್ರದ ಮಾತು ಶುರು ಮಾಡಿದರು.

ಸಮುದ್ರ ಮೇಲಿನಿಂದ ಒಂದೇ ಥರ ಕಂಡರೂ ಒಳಗೆ ಒಂದೇ ಅಲ್ಲ ಎಂದರು. ಬಿಸಿನೀರಿನ ಪಾಲು ಬೇರೆ, ತಣ್ಣೀರಿನ ಪಾಲು ಬೇರೆ. ಎರಡೂ ಕೂಡುವ ಗೆರೆಯಲ್ಲಿ ಸಣ್ಣ ಜೀವ ಹುಟ್ಟುತ್ತದೆ, ಅದನ್ನು ತಿನ್ನಲು ಸಣ್ಣ ಮೀನು, ಸಣ್ಣ ಮೀನನ್ನು ತಿನ್ನಲು ಟ್ಯೂನಾ, ಅಂಜಲ್, ಶಾರ್ಕ್ ಸಾಲುಗಟ್ಟುತ್ತವೆ. ಮಳೆಗಾಲದಲ್ಲಿ ಕರಾವಳಿಯ ಉದ್ದಕ್ಕೂ ತಳದ ತಣ್ಣೀರು ಮೇಲೇಳುತ್ತದೆ. ಅದರಲ್ಲಿ ಉಸಿರು ಕಡಿಮೆ. ಆಗ ಮೀನುಗಳು ಮೇಲಿನ ತೆಳುವಾದ ಪದರಕ್ಕೆ ಬಂದು ಇಕ್ಕಟ್ಟಾಗುತ್ತವೆ. ಗೆರೆ ಜರುಗಿದರೆ ಬೇಟೆಯ ಮೀನೂ ಜರುಗುತ್ತದೆ. ಆದ್ದರಿಂದ ಜಾಣ ಮೀನುಗಾರ ಮೀನನ್ನು ಹುಡುಕುವುದಿಲ್ಲ, ನೀರನ್ನು ಹುಡುಕುತ್ತಾನೆ.

ಗಂಡಸರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಒಬ್ಬನೂ ಬೀಡಿ ಹಚ್ಚಲಿಲ್ಲ.

ಬಾಗಿಲ ಬಳಿ ಕೂತಿದ್ದ ಸುಗಲಮ್ಮನಿಗೆ ಕಿವಿ ಬಿಸಿಯಾಯಿತು. ಹತ್ತು ವರ್ಷ ತಾನು ಹೇಳಿದ್ದನ್ನೇ ಈ ಮನುಷ್ಯ ಸಮುದ್ರದಿಂದ ಹೊತ್ತು ತಂದಿದ್ದಾನೆ. ತಂದದ್ದಕ್ಕೆ ಅವನ ಮೇಲೆ ಸಿಟ್ಟಿಲ್ಲ. ಪ್ಯಾಂಟು ಹಾಕಿಕೊಂಡು ಬಂದ ಮಾತನ್ನು ಗುರುತು ಹಿಡಿಯುವ ಈ ತಲೆಗಳು, ಅದೇ ಮಾತು ಸೀರೆಯುಟ್ಟು ಬಂದಾಗ ಗುರುತು ಹಿಡಿಯಲಿಲ್ಲವಲ್ಲ. ಅವಳು ಎದ್ದು ನಿಂತಳು. ಭಾವ ಎದುರಿಗಿದ್ದಾನೆಂದು ಮೊದಲು ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಳು. ಭಾವನನ್ನು ಬೈಯುವಾಗಲೂ ಅವಳು ಆ ಮರ್ಯಾದೆ ತಪ್ಪಿಸಿದವಳಲ್ಲ.

"ಸಾಹೇಬರ, ಒಂದು ಮಾತು ಕೇಳ್ತೀನ್ರಿ. ಸಮುದ್ರದಾಗ ಮೀನಿಗೆ ಗೂಟ ಹೊಡದಾರೇನ್ರಿ?"

ಸಾಹೇಬರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕರು. "ಗೂಟವಾ? ಇಲ್ಲಮ್ಮ. ಮೀನು ಇವತ್ತು ಇಲ್ಲಿದ್ದರೆ ನಾಳೆ ಇನ್ನೆಲ್ಲೋ. ಗೂಟಕ್ಕೆ ಅದು ಕಾಯ್ತದಾ?"

"ಹಂಗಾದ್ರ ನಮ್ಮ ಭಾವಾರಿಗೆ ಒಂದೀಟು ತಿಳಿಸಿ ಹೇಳ್ರಿ. ಅವ್ರು ನೀರಿಗೆ ಚಕ್ಕುಬಂದಿ ಬರದಾರ."

ಸಭೆಯಲ್ಲಿ ಯಾರೋ ಕೆಮ್ಮಿದರು. ಗುರಪ್ಪ ಕೂತಲ್ಲಿಂದ ಏಳದೆ, ಸಮುದ್ರ ಬೇರೆ, ಕೆರೆ ಬೇರೆ ಎಂದ. ಸಮುದ್ರಕ್ಕೆ ಆಚೆ ದಂಡೆ ಕಾಣುವುದಿಲ್ಲ, ಅದಕ್ಕೇ ಅದರ ಮೋಜಣಿ ಆಗಿಲ್ಲ. ಮೋಜಣಿ ಆಗದ ನೀರಿನಲ್ಲಿ ಮೀನು ಅಂಡಲೆಯುವುದು ಸಹಜ. ನೇರಲದಿನ್ನಿಯ ಮೀನಿಗೆ ಹಾಗೆ ಅಲೆಯುವ ಕಾರಣವಿಲ್ಲ. ದೊಡ್ಡ ಮೀನಿನ ಜಾಗ ಒಂದನೆಯ ಪ್ಲಾಟು, ಇದು ತಾನೇ ಕಂಡ ಸತ್ಯ. ಕೆಲವು ದಿನ ಅಲ್ಲಿ ಸಿಗುವುದಿಲ್ಲವೆಂದರೆ ಯಾರೋ ಗಡಿ ದಾಟಿ ಕದ್ದಿದ್ದಾರೆ ಎಂದರ್ಥ. ಇಷ್ಟು ಹೇಳಿ ರಟ್ಟಿನ ಪುಸ್ತಕ ತೆರೆದು, ಆ ಬೆಳಗ್ಗೆ ಹನ್ನೊಂದನೆಯ ಪ್ಲಾಟಿನಲ್ಲಿ ಕಂಡದ್ದನ್ನು ಓದಿ, ಪೆನ್ನಿನ ಮುಚ್ಚಳ ತೆಗೆದ.

ಮೂರನೆಯ ಗೀಟು. ಅದು ಬಿದ್ದರೆ ಸುಗಲಮ್ಮನಿಗೆ ಕೆರೆಯಿಲ್ಲ, ಹರಿಗೋಲಿಲ್ಲ. ಐವತ್ತೆರಡನೆಯ ವಯಸ್ಸಿಗೆ ಯಾರದೋ ಹತ್ತಿಯ ಹೊಲಕ್ಕೆ ಕೂಲಿ ಹೋಗಬೇಕು. ಅವಳ ಕೈ ಅಕ್ಕಪಕ್ಕ ತಡಕಾಡಿತು. ಹತ್ತಿರದಲ್ಲಿ ಎಸೆಯುವಂಥದ್ದು ಏನೂ ಇರಲಿಲ್ಲ.

"ಗೀಟ ಹಾಕಬ್ಯಾಡ್ರಿ, ನಿಂದರ್ರಿ. ನಾಳೆ ಮುಂಜಾನಿ ಎಲ್ಲಾರೂ ಬರ್ರಿ. ಬಾಳಿಮೀನ ಎಲ್ಲಿ ನಿಂತಾವಂತ ಇವತ್ತೇ ಹೇಳ್ತೀನಿ. ಕಾಲುವಿ ಬಂದ್ ಅದ. ಹನ್ನೊಂದರಾಗ ನಿಂತಾವ, ಒಡ್ಡಿನ ಬುಡಕ್ಕ. ಅಲ್ಲಿ ಸಿಗಲಿಲ್ಲಂದ್ರ ನನ್ನ ಹೆಸರು ಹೊಡೀರಿ, ಅರಗೋಲ ಒಯ್ಯರಿ. ಸಿಕ್ವಂದ್ರ ನಿಮ್ಮ ಗೂಟ ಕೀಳ್ರಿ."

ಗುರಪ್ಪ ಪೆನ್ನಿನ ಮುಚ್ಚಳ ಹಾಕಿದ. ನಾಳೆ ಒಂದರಲ್ಲೂ ಬಲೆ ಬಿಡೋಣ, ಹನ್ನೊಂದರಲ್ಲೂ ಬಿಡೋಣ, ಸಾಹೇಬರ ಕಣ್ಣೆದುರಿಗೇ ಇತ್ಯರ್ಥವಾಗಲಿ ಎಂದ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದು ಸುಗಲಮ್ಮನಿಗೆ ಸೇರಲಿಲ್ಲ. ಆದರೆ ಸಿಟ್ಟಿನ ಭರದಲ್ಲಿ ಅದನ್ನು ಹೆಚ್ಚು ಹೊತ್ತು ಯೋಚಿಸಲಿಲ್ಲ.

ಮರುದಿನ ಎಂಟು ಗಂಟೆಗೆ ಹರಿಗೋಲುಗಳು ನೀರಿಗಿಳಿದವು. ಸಾಹೇಬರು ತಮ್ಮ ಶಾಖಮಾಪಕದ ಪೆಟ್ಟಿಗೆ ಹಿಡಿದು ಸುಗಲಮ್ಮನ ಹರಿಗೋಲಿನಲ್ಲಿ ಕೂತರು. ಗುರಪ್ಪ ತಾಯಪ್ಪನ ಹರಿಗೋಲಿನಲ್ಲಿ ಶಾಲೆಯ ಕುರ್ಚಿ ಇಡಿಸಿ ಕೂತಿದ್ದ. ಹರಿಗೋಲು ಗುಂಡಗಿದ್ದು ಹುಟ್ಟು ಹಾಕಿದಷ್ಟೂ ತಿರುಗುವ ವಸ್ತುವಾದ್ದರಿಂದ ಅಧ್ಯಕ್ಷರು ಒಮ್ಮೆ ಸಂಘದ ಸದಸ್ಯರಿಗೂ ಒಮ್ಮೆ ಖಾಲಿ ಕೆರೆಗೂ ಮುಖ ಕೊಡುತ್ತಾ ಸಾಗಿದರು.

ಹಳ್ಳದ ದಾರಿಯ ಮೇಲೆ, ಎಂಟನೆಯ ಗೂಟದ ಹತ್ತಿರ, ಸುಗಲಮ್ಮ ರೂಢಿಯಂತೆ ತಂಬಿಗೆ ಇಳಿಸಿದಳು. ಅಲ್ಲಿ ನೋಡುವ ಕೆಲಸವೇನೂ ಇರಲಿಲ್ಲ. ಮೇಲೆತ್ತಿ ಬೆರಳದ್ದಿದವಳು ಬೆರಳನ್ನು ಹಾಗೇ ಬಿಟ್ಟಳು. ನೀರು ಕೊರೆಯುತ್ತಿತ್ತು. ತಂಬಿಗೆಯ ತಳದಲ್ಲಿ ಕೆಂಪನೆಯ ಮಡ್ಡಿ. ಬಂದ್ ಆಗಿ ಐದು ದಿನವಾದ ಕಾಲುವೆಯ ನೀರು ಇಲ್ಲಿ ತಳದಲ್ಲಿ ಹರಿಯುತ್ತಿದೆ.

ಯಾರೋ ಗೇಟು ಎತ್ತಿದ್ದಾರೆ. ಅವಳಿಗೆ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ನಿನ್ನೆ ಭಾವ ಪೆನ್ನಿನ ಮುಚ್ಚಳ ಹಾಕಿದ್ದು ಯಾಕೆ ಎಂಬುದೂ ತಿಳಿಯಿತು. ನೀರು ಬಂದರೆ ಬಾಳೆ ಮೀನು ಮಡುವಿನಲ್ಲಿ ಕೂರುವುದಿಲ್ಲ, ಎದ್ದು ಹಳ್ಳ ಹಿಡಿದು ಬರುತ್ತದೆ. ಈಗ ಹನ್ನೊಂದಕ್ಕೆ ಹೋಗಿ ಬಲೆ ಬಿಟ್ಟರೆ ಬರಿಗೈ, ಹೆಸರು ಹೋಯಿತು. ಹನ್ನೊಂದರಲ್ಲಿ ಇಲ್ಲ ಎಂದರೆ ಮಾತು ತಿರುಗಿಸಿದಳು ಎನ್ನುತ್ತಾರೆ, ಆಗಲೂ ಹೆಸರು ಹೋಯಿತು. ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ತಂಬಿಗೆಯನ್ನು ಸಾಹೇಬರ ಕೈಗೆ ಕೊಟ್ಟಳು.

ಸಾಹೇಬರು ಬೆಂಡನ್ನೂ ಎರಡು ಹಗ್ಗವನ್ನೂ ತಿರುಗಿಸಿ ತಿರುಗಿಸಿ ನೋಡಿದರು. ತಾವು ಹಡಗಿನಲ್ಲಿ ತಳದ ನೀರು ಎತ್ತುವುದೂ ಹೀಗೆಯೇ, ಏನಿದ್ದರೂ ತಮ್ಮ ಪಾತ್ರೆ ಇದಕ್ಕಿಂತ ಭಾರ ಎಂದರು. ಆಮೇಲೆ ಶಾಖಮಾಪಕ ಇಳಿಸಿದರು. ಮೇಲಿನ ನೀರಿಗಿಂತ ತಳದ ನೀರು ಐದು ಡಿಗ್ರಿ ತಂಪು. ಮುಂದಕ್ಕೆ ಹತ್ತನೆಯ ಗೂಟದ ಹತ್ತಿರ ಇಳಿಸಿದಾಗ ಅಷ್ಟು ತಂಪಿರಲಿಲ್ಲ, ಕೆಂಪೂ ಇರಲಿಲ್ಲ.

"ಭಾವಾರ, ಗೇಟ್ ಯಾರು ಎತ್ಯಾರ?" ಸುಗಲಮ್ಮ ಕೇಳಿದಳು.

ಗುರಪ್ಪನ ಕುರ್ಚಿ ಆಗ ಒಡ್ಡಿನ ಕಡೆಗೆ ಮುಖ ಮಾಡಿತ್ತು. ಅದು ತಿರುಗಿ ಬರುವವರೆಗೂ ಅವನು ಕಾಯಬೇಕಾಯಿತು. "ಗೇಟಿನ ಉಸಾಬರಿ ನಿನಗ್ಯಾಕ ತಂಗಿ? ಹನ್ನೊಂದು ಅಂದಿದ್ದಿ. ನಡಿ ಹನ್ನೊಂದಕ್ಕ."

ಆಗ ಮಾತಾಡಿದ್ದು, ಯಾರೂ ಎಣಿಸದಿದ್ದ ತಾಯಪ್ಪ. ಹುಟ್ಟು ಹಾಕುವುದನ್ನು ನಿಲ್ಲಿಸಿ, ನೀರನ್ನು ನೋಡುತ್ತಾ, ಬೆಳಗ್ಗೆ ತಾನು ಬಲೆ ತರುವಾಗ ಲಸ್ಕರ್ ತಿಮ್ಮಣ್ಣ ಗೇಟಿನ ಮೇಲೆ ಕೂತಿದ್ದನ್ನು ಕಂಡೆ ಎಂದ. ಕಾಲುವೆಯ ಗೇಟು ನೋಡಿಕೊಳ್ಳುವ ತಿಮ್ಮಣ್ಣ ಇನ್ನೂ ಅಲ್ಲೇ ಇದ್ದ. ದೂರದಲ್ಲಿ ಹರಿಗೋಲುಗಳು ನಿಂತು ಎಲ್ಲರೂ ತನ್ನ ಕಡೆ ನೋಡುವುದನ್ನು ಕಂಡು, ತನ್ನ ಕೆಲಸದ ಬಗ್ಗೆಯೇ ಮಾತು ನಡೆದಿದೆ ಎಂದು ಅವನಿಗೂ ಹಿಗ್ಗಾಗಿರಬೇಕು. ಬಾಯಿಗೆ ಎರಡೂ ಕೈ ಹಿಡಿದು ಕೂಗಿದ:

"ಅಧ್ಯಕ್ಷರ, ನೀವು ಹೇಳ್ದಂಗ ಗೇಟ್ ನಾಕ ಬೆರಳ ಎತ್ತೀನ್ರಿ. ಸಾಕೇನ್ರಿ, ಇನ್ನಾ ಎತ್ಲೇನ್ರಿ?"

ಕೆರೆಯ ಮೇಲೆ ಮಾತು ಚೆನ್ನಾಗಿ ಸಾಗುತ್ತದೆ. ಇಪ್ಪತ್ತೆರಡು ಪ್ಲಾಟುಗಳಿಗೂ ಕೇಳಿಸಿತು.

ಗುರಪ್ಪ ಸೋಲೊಪ್ಪುವ ಮನುಷ್ಯನಲ್ಲ. ಎತ್ತಿಸಿದ್ದು ತಾನೇ ಎಂದ. ಅದರಲ್ಲಿ ಮೋಸವೇನು? ಒಂದನೆಯ ಪ್ಲಾಟಿನ ಮೀನು ಕಾಲುವೆಯಿಂದ ಬರುವ ಮೀನು. ಹೊಲಕ್ಕೆ ನೀರು ಬಿಟ್ಟು ಬೆಳೆ ತೆಗೆದಂತೆ ತನ್ನ ಪ್ಲಾಟಿಗೆ ನೀರು ಬಿಟ್ಟು ಮೀನು ತರಿಸಿಕೊಂಡೆ. ಕೆರೆಯ ಮೀನಿಗೂ ಅದಕ್ಕೂ ಸಂಬಂಧವಿಲ್ಲ, ಅವು ತಮ್ಮ ತಮ್ಮ ಗಡಿಯೊಳಗೇ ಇವೆ.

"ಕಾಲುವಿಯಿಂದ ಹೆಂಗ ಬರ್ತಾವ್ರಿ?" ಸುಗಲಮ್ಮನ ದನಿ ಈಗ ಏರಲಿಲ್ಲ. ಅವಳ ದನಿ ಇಳಿದರೆ ಕೇರಿಯ ನಾಯಿಗಳೂ ಜಾಗ ಖಾಲಿ ಮಾಡುತ್ತಿದ್ದವು. "ಗೇಟಿಗೆ ಜಾಳಿಗಿ ಹಾಕಿಸಿದಾವ್ರು ನೀವು. ಕಲ್ಲಿನ ಮ್ಯಾಲ ಹೆಸರೂ ನಿಮ್ದೇ ಅದ. ಅದರಾಗ ನನ್ನ ಕಿರಿಬೆರಳ ಹೋಗಂಗಿಲ್ಲ, ಆಳುದ್ದ ಬಾಳಿಮೀನ ಹೋಗ್ತದೇನು? ಒಂದರಾಗ ನೀವು ಇ‍ಷ್ಟ ದಿನ ಹಿಡದ ಮೀನ ಎಲ್ಲಾ ಈ ಕೆರಿಯಾವೇ. ಹನ್ನೊಂದರಾಗಿನ ಮೀನಿಗೆ ಇವತ್ತ ನೀವೇ ನೀರ ಬಿಟ್ಟ ಕರಸೀರಿ. ನಾ ಹೇಳಿದ್ದು ಖರೆ ಅಂತ ನಿಮಗ ಗೊತ್ತಿತ್ತು."

ಗುರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹರಿಗೋಲು ಅವನನ್ನು ಮತ್ತೆ ಆಚೆ ಕಡೆಗೆ ತಿರುಗಿಸಿತು. ತಾಯಪ್ಪ ಈ ಸಲ ಅದನ್ನು ಸರಿಪಡಿಸುವ ಅವಸರ ತೋರಲಿಲ್ಲ.

ಸುಗಲಮ್ಮ ಇನ್ನು ಯಾರನ್ನೂ ಕೇಳಲಿಲ್ಲ. ಎಂಟರಲ್ಲಿ ತಂಪು, ಹತ್ತರಲ್ಲಿ ಇಲ್ಲ, ಅಂದರೆ ತಣ್ಣೀರಿನ ಮೂತಿ ಒಂಬತ್ತರ ಆಸುಪಾಸಿನಲ್ಲಿದೆ, ಮುಳುಗಿದ ಹುಣಸೆಯ ತಿರುವಿನಲ್ಲಿ. ಹನ್ನೊಂದರಿಂದ ಹೊರಟ ಮೀನುಗಳು ಅಲ್ಲಿ ನಿಂತಿವೆ, ಒಂದನೆಯ ಪ್ಲಾಟನ್ನು ಇನ್ನೂ ಮುಟ್ಟಿಲ್ಲ. ಇದನ್ನು ಸಾಹೇಬರಿಗೂ ಉಳಿದವರಿಗೂ ಕೇಳುವಂತೆ ಮೊದಲೇ ಹೇಳಿದಳು. ಬೇಕಾದರೆ ಒಂದರಲ್ಲೂ ಹನ್ನೊಂದರಲ್ಲೂ ಬಲೆ ಬಿಡಿ ಎಂದು ಗಂಡಸರನ್ನು ಎರಡೂ ಕಡೆ ಅಟ್ಟಿದಳು. ತಾನು ಹಳ್ಳಕ್ಕೆ ಅಡ್ಡಲಾಗಿ ಬಲೆ ಇಳಿಸಿ ಕೂತಳು.

ಒಂದರಲ್ಲಿ ಬಂದದ್ದು ಕಾಲುವೆಯ ಕಸ, ಬೆರಳುದ್ದದ ಮೀನು. ಹನ್ನೊಂದರಲ್ಲಿ ಎರಡು ರೋಹು. ಒಂಬತ್ತರಲ್ಲಿ ಬಲೆಯ ಬೆಂಡುಗಳು ಒಮ್ಮೆಲೇ ಮುಳುಗಿದವು. ಎಳೆಯಲು ಅವಳೊಬ್ಬಳಿಂದ ಆಗಲಿಲ್ಲ. ಸಾಹೇಬರು ಶಾಖಮಾಪಕ ಬಿಟ್ಟು ಹಗ್ಗಕ್ಕೆ ಕೈ ಹಾಕಿದರು, ತಾಯಪ್ಪ ಅಧ್ಯಕ್ಷರನ್ನು ಕುರ್ಚಿಸಮೇತ ಕರೆದುಕೊಂಡೇ ಬಂದು ಕೈಗೂಡಿಸಿದ. ನಾಲ್ಕು ಬಾಳೆ ಮೀನು. ಒಂದೊಂದೂ ತೋಳಿಗಿಂತ ಉದ್ದ. ಅವುಗಳಲ್ಲಿ ದೊಡ್ಡದು ಬಾಲ ಬಡಿದ ರಭಸಕ್ಕೆ ಗುರಪ್ಪನ ಬಿಳಿ ಅಂಗಿಯ ಮೇಲೆ ಕೆರೆಯ ಕೆಸರು ಹಾರಿತು. ಒಂಬತ್ತನೆಯ ಪ್ಲಾಟು ಯಾರದು ಎಂದು ಆಗ ಯಾರೂ ಕೇಳಲಿಲ್ಲ.

ಒಡ್ಡಿನ ಮೇಲೆ ಸಭೆ ಕೂಡಿತು. ಅಂಗಿ ಒರೆಸಿಕೊಂಡ ಗುರಪ್ಪ ಅಷ್ಟರಲ್ಲಿ ಚೇತರಿಸಿಕೊಂಡಿದ್ದ. ತಾನು ನೀರು ಬಿಡಿಸದಿದ್ದರೆ ಮೀನು ಜರುಗುವುದನ್ನು ಜನ ಕಾಣುವುದು ಹೇಗಿತ್ತು ಎಂದು ಕೇಳಿದ. ರಟ್ಟಿನ ಪುಸ್ತಕದಲ್ಲಿ ತಾನೇ ಠರಾವು ಬರೆದು ತಾನೇ ಓದಿದ: ಅಧ್ಯಕ್ಷರ ಮಾರ್ಗದರ್ಶನದಲ್ಲಿ ನಡೆದ ಪ್ರಯೋಗದಿಂದ ಮೀನು ಒಂದೇ ಕಡೆ ನಿಲ್ಲುವುದಿಲ್ಲವೆಂದು ಸಿದ್ಧವಾಗಿರುವುದರಿಂದ ಗೂಟಗಳನ್ನು ತೆಗೆಯಲು ಅಧ್ಯಕ್ಷರು ಸೂಚಿಸಿದ್ದಾರೆ. ಗಂಡಸರು ತಲೆಯಾಡಿಸಲು ಶುರುವಿಟ್ಟರು. ಆಡಿಸಿ ಆಡಿಸಿ ಅವರ ಕುತ್ತಿಗೆಗೆ ಅದೇ ರೂಢಿಯಾಗಿತ್ತು.

ಸುಗಲಮ್ಮ ಮೀನಿನ ಲೋಳೆ ಹತ್ತಿದ ಕೈಯನ್ನು ತೆರೆದ ಪುಟದ ಮೇಲೇ ಊರಿದಳು. ಪ್ರಯೋಗ ಯಾರದೆಂದು ಬೇಕಾದರೂ ಬರೆದುಕೊಳ್ಳಿ, ಮೊದಲು ನನ್ನ ಹೆಸರಿನ ಮುಂದಿನ ಎರಡು ಗೀಟು ಹೊಡೆದುಹಾಕಿ ಎಂದಳು. ಬರೆದದ್ದನ್ನು ಅಳಿಸುವ ನಿಯಮ ಇಲ್ಲ ಎಂದು ಗುರಪ್ಪ ದುಃಖದಿಂದ ತಲೆಯಾಡಿಸಿದ.

"ಹಂಗಾದ್ರ ನಿಮ್ಮ ಹೆಸರಿನ ಮುಂದ ಬರೀರಿ. ನಾ ದಾಟಿಸಿದ್ದು ನನ್ನ ಒಂದು ಅರಗೋಲ. ನೀವು ನಾಕ ಬೆರಳ ಗೇಟ್ ಎತ್ತಿ ಕೆರ‍ಿ ಮೀನ ಎಲ್ಲಾ ಗಡಿ ದಾಟಿಸೀರಿ. ಎಷ್ಟು ಗೀಟ ಆಗ್ತಾವ, ಲೆಕ್ಕಾ ಹಾಕ್ರಿ. ಮೂರಕ್ಕ ಹೆಸರು ಹೊರಗ ಅಂತ ಬರದಾವ್ರು ನೀವೇ."

ಈ ಸಲ ಯಾರೂ ತಲೆಯಾಡಿಸಲಿಲ್ಲ. ಆದರೆ ತಾಯಪ್ಪ ಕೈ ಎತ್ತಿದ, ಅದೂ ಪೂರ್ತಿ. ಅವನ ಹಿಂದೆ ಬಸವಣ್ಣ, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಯಾವುದಕ್ಕೆ ಎತ್ತಿದ್ದೆಂದು ಅವರಿಗೂ ಪೂರ್ತಿ ತಿಳಿದಿರಲಿಲ್ಲ, ಆದರೆ ಯಾರ ಕಡೆಗೆ ಎಂಬುದು ಗುರಪ್ಪನಿಗೆ ತಿಳಿಯಿತು. ಅವನು ಪುಟ ತಿರುವಿದ. ಲೋಳೆಗೆ ಶಾಯಿ ಹರಡಿಕೊಂಡಿದ್ದರೂ ಎರಡು ಗೀಟುಗಳನ್ನು ಹುಡುಕಿ, ಮೋಜಣಿದಾರನ ಅಚ್ಚುಕಟ್ಟಿನಿಂದ, ಅಳತೆಪಟ್ಟಿ ಇಟ್ಟು ಅಡ್ಡಗೆರೆ ಎಳೆದ. ಕೆಳಗೆ ತನ್ನ ಪೂರ್ತಿ ಹೆಸರು, ಹಳೆಯ ಹುದ್ದೆ, ಹೊಸ ಹುದ್ದೆ ಎಲ್ಲ ಸೇರಿಸಿ ಸಹಿ ಹಾಕಿದ.

ಸುಗಲಮ್ಮ ಎರಡು ಗೀಟು ಅಳಿಸಲು ನಾಲ್ಕು ಮೀನು ಬೇಕಾಯಿತಲ್ಲ ಎಂಬ ಸಿಟ್ಟಿನಲ್ಲಿ ಬುಟ್ಟಿ ಎತ್ತಿಕೊಂಡು ಹತ್ತೂವರೆಯ ಬಸ್ಸಿಗೆ ನಡೆದಳು.

ಗೂಟಗಳು ಎರಡು ದಿನದಲ್ಲಿ ಹೋದವು. ಮೂರನೆಯ ದಿನ ಬೆಳಗ್ಗೆ ಅವಳು ಹರಿಗೋಲು ಇಳಿಸಿ ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಇಪ್ಪತ್ತು ಹರಿಗೋಲುಗಳು ಅವಳ ಹಿಂದೆ ಸಾಲಾಗಿ ಬರುತ್ತಿದ್ದವು. ಅವಳು ನಿಂತರೆ ಅವೂ ನಿಲ್ಲುತ್ತಿದ್ದವು, ಅವಳು ಎಡಕ್ಕೆ ತಿರುಗಿದರೆ ಅವೂ ಎಡಕ್ಕೆ. ಇಷ್ಟು ದಿನ ಗೂಟ ನೋಡಿಕೊಂಡು ಬಲೆ ಬಿಟ್ಟವರಿಗೆ ಈಗ ನೋಡಲು ಅವಳ ಬೆನ್ನು ಸಿಕ್ಕಿತ್ತು.

"ಯಾಕ ನನ್ನ ಬೆನ್ನ ಹತ್ತೀರಿ? ನಾನೇನು ನಿಮ್ಮ ಗೂಟೇನು?" ಎಂದು ಅವಳು ಹುಟ್ಟು ಎತ್ತಿ ಕೂಗಿದಳು. "ಕಾಲುವಿ ಬಂದ್ ಆಗಿ ಎಷ್ಟ ದಿನ ಆತು, ಹೇಳ್ರಿ ನೋಡೂನು. ಗಾಳಿ ಯಾವ ಕಡಿಂದ ಬೀಸಾಕತ್ತದ? ನೀರಿಗೆ ಕೈ ಹಚ್ರಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಾಯಪ್ಪ ಹರಿಗೋಲಿನ ಅಂಚಿನಿಂದ ಬಾಗಿ, ಅಂಗಿಯ ತೋಳು ಮಡಚಿ, ಮೊಳಕೈವರೆಗೂ ಕೈಯನ್ನು ನೀರಿಗೆ ಬಿಟ್ಟ.